ಗೋಡೆಯಾಚೆಯ ಗೊರಕೆ

ಮಗಳು ಒದ್ದೆ ಬಟ್ಟೆಯಿಂದ ಅಪ್ಪನ ಕೆನ್ನೆಯನ್ನು ಉಜ್ಜುತ್ತಲೇ ಇದ್ದಳು. ಉಸಿರಿನ ಮಿಷನ್ನಿನ ಮುಖವಾಡದ ಪಟ್ಟಿ ಒತ್ತಿದ ಗೆರೆ ಮೂಗಿನ ಪಕ್ಕದಿಂದ ಕಿವಿಯವರೆಗೆ ಹಾಗೇ ಉಳಿದಿತ್ತು. ಕುಲುಮೆಯ ಮುಂದೆ ಬೆಂದು ಕಂದಿದ ಮುಖದಲ್ಲಿ ಅದೊಂದೇ ಬೆಳ್ಳಗೆ ಕಾಣುತ್ತಿತ್ತು.

"ಬಿಡೇ, ಚರ್ಮ ಕಿತ್ತು ಬಂದೀತು," ಎಂದಳು ಸೋದರತ್ತೆ. "ನಮ್ಮಣ್ಣ ಬದುಕಿದ್ದಾಗ ಇಷ್ಟು ಮುಖ ತೊಳ್ಕೊಂಡಿದ್ದನ್ನ ನಾನು ನೋಡಿಲ್ಲ."

ಯಾರೋ ನಕ್ಕು, ನಕ್ಕಿದ್ದಕ್ಕೆ ನಾಚಿ ಕೆಮ್ಮಿದರು.

ಶವದ ಪೆಟ್ಟಿಗೆ ಮಾಡಿ ತಂದಿದ್ದ ಪಕ್ಕದ ಮನೆಯ ಬಡಗಿ ಬಾಗಿಲಿಗೆ ಒರಗಿ ನಿಂತಿದ್ದ. ಕಮ್ಮಾರನ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ. "ಹಗಲು ಸುತ್ತಿಗೆ, ರಾತ್ರಿ ಗೊರಕೆ. ಇವನ ಪಕ್ಕದಲ್ಲಿ ನಾನು ನಿದ್ದೆ ಮಾಡಿದ್ದೇ ಪವಾಡ," ಎಂದ. "ಮಿಷನ್ ಬಂದ ಮೇಲೂ ಒಂಚೂರು ತಗ್ಗಲಿಲ್ಲ, ಹಠಮಾರಿ ಗೊರಕೆ. ನಿನ್ನೆ ಸಂಜೆ ಕೂಡ ಕೇಳಿಸ್ತಿತ್ತು. ಸುಖವಾಗಿ ಮಲಗಿದ್ದಾನೆ ಅಂದ್ಕೊಂಡೆ."

ಮಗಳ ಕೈ ನಿಂತಿತು. ಮಧ್ಯಾಹ್ನ ಊಟ ಮಾಡಿ ಅಡ್ಡಾದ ಸ್ವಲ್ಪ ಹೊತ್ತಿಗೇ ಜೀವ ಹೋಗಿದೆ ಎಂದು ರಾತ್ರಿ ಬಂದು ನೋಡಿದ ಡಾಕ್ಟರು ಹೇಳಿದ್ದರು. ಸಂಜೆಗೆ ಮೈ ತಣ್ಣಗಾಗಿತ್ತು.

"ಬೆಳಗ್ಗೆ ಕೇಳಿಸಿರಬೇಕು ಮಾವ," ಎಂದಳು.

"ನನಗೇನು ಹೊತ್ತು ಗೊತ್ತಾಗಲ್ವಾ? ದೀಪ ಹಚ್ಚೋ ಹೊತ್ತು."

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅಮ್ಮ ಗೋಡೆಯ ಕಡೆ ಮುಖ ತಿರುಗಿಸಿದಳು.

*

ಮಿಷನ್ ಬರುವ ಮೊದಲು ಅಪ್ಪನನ್ನು ಆಸ್ಪತ್ರೆಗೆ ಹೊರಡಿಸಿದ್ದೇ ಅಮ್ಮ. "ಮಲಗಿದಾಗ ಇವರು ಸುಮ್ಮನಾಗಿಬಿಡ್ತಾರೆ ಕಣೇ. ಎದೆ ಅಲ್ಲಾಡೋದೇ ಇಲ್ಲ. ಉಸಿರಾಡೋದನ್ನೇ ಮರೆತ ಹಾಗೆ. ಅಲುಗಿಸಿದ್ರೆ ಮತ್ತೆ ಶುರು ಮಾಡ್ತಾರೆ."

ಡಾಕ್ಟರು ಎಲ್ಲ ಬರೆದುಕೊಂಡು, "ಗೊರಕೆ ಉಂಟಾ?" ಎಂದು ಕೇಳಿದ್ದರು.

ಅಮ್ಮ ನೆಲ ನೋಡಿದಳು. ಮಗಳು ನಗುತ್ತಾ, "ಉಂಟಾ ಅಂದ್ರೇನು! ಚಿಕ್ಕವಳಿದ್ದಾಗ ಆಚೆ ಕೋಣೆಯಲ್ಲಿ ನಾನು ಕಿವಿಗೆ ಹತ್ತಿ ತುರುಕ್ಕೊಂಡು ಮಲಗ್ತಿದ್ದೆ," ಎಂದಳು.

ಅಪ್ಪ ಅಮ್ಮನನ್ನೊಮ್ಮೆ ನೋಡಿದ. ಆಮೇಲೆ ತೊಡೆ ತಟ್ಟಿಕೊಂಡು, "ಹೌದು ಡಾಕ್ಟ್ರೇ, ನಾನೇ," ಎಂದ. "ಆಯುಷ್ಯವಿಡೀ ತಿದಿ ಒತ್ತಿದೋನಲ್ವಾ? ಮಲಗಿದ್ರೂ ನಿಲ್ಲಲ್ಲ."

*

ಅದೇ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಮಗಳಿಗೆ ಕೆಲಸ. ಡಾಕ್ಟರು ಬರೆದದ್ದನ್ನು ಓದಿ ಪ್ರತಿ ಕಾಯಿಲೆಗೂ ಅದರ ನಂಬರು ಹಾಕುವುದು. ಆ ನಂಬರು ನೋಡಿಯೇ ವಿಮೆಯವರು ಯಾವ ಮಿಷನ್ ಕೊಡಬೇಕೆಂದು ತೀರ್ಮಾನಿಸುತ್ತಿದ್ದರು. "ನಮ್ಮ ನಂಬರಮ್ಮ" ಎಂದು ಅಪ್ಪ ಕುಲುಮೆಗೆ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದ.

ನಿದ್ದೆಯಲ್ಲಿ ಉಸಿರು ನಿಲ್ಲುವುದಕ್ಕೆ ಒಂದೇ ನಂಬರಿಲ್ಲ. ಗಂಟಲು ಮುಚ್ಚಿಕೊಂಡು ನಿಂತರೆ ಒಂದು. ಬರುವವರಲ್ಲಿ ಬಹುಪಾಲು ಅದೇ, ಗೊರಕೆಯವರದು. ಗಂಟಲು ತೆರೆದೇ ಇದ್ದು, ಉಸಿರಾಡು ಎಂದು ಹೇಳುವುದನ್ನು ಮಿದುಳೇ ಮರೆತರೆ ಇನ್ನೊಂದು. ಅದು ಅಪರೂಪ. ಅದಕ್ಕೆ ಕೊಡುವ ಮಿಷನ್ನೂ ಬೇರೆ.

ಅಪ್ಪನ ಕಾಗದ ಅವಳ ಮೇಜಿಗೇ ಬಂತು. ಡಾಕ್ಟರು ಯಾವ ಬಗೆ ಎಂದು ಬರೆದಿರಲಿಲ್ಲ. 'ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ, ಜೋರು ಗೊರಕೆ' ಎಂದಷ್ಟೇ ಇತ್ತು.

"ರಾತ್ರಿ ಮಲಗಿಸಿ ಮಾಡಿದ ಪರೀಕ್ಷೆಯ ಗೆರೆ ನೋಡಿದ್ಯೇನಮ್ಮ?" ಎಂದು ಹಿರಿಯ ಗುಮಾಸ್ತರು ಕೇಳಿದ್ದರು. "ಉಸಿರು ನಿಂತಾಗೆಲ್ಲ ಎದೆಯೂ ಸುಮ್ಮನಿದೆ. ಗಂಟಲು ಕಟ್ಟಿದ್ರೆ ಎದೆ ಒದ್ದಾಡಬೇಕಲ್ವಾ? ಯಾವ ಬಗೆ ಅಂತ ಡಾಕ್ಟರಿಗೆ ಒಂದು ಪ್ರಶ್ನೆ ಕಳಿಸು."

ಬೇರೆ ಯಾರದೇ ಕಾಗದವಾಗಿದ್ದರೂ ಅವಳು ಕಳಿಸುತ್ತಿದ್ದಳು.

"ಗೊರಕೆ ನಾನೇ ಕೇಳಿದ್ದೀನಿ ಸರ್. ನಮ್ಮಪ್ಪನ ವಿಷಯ ನನಗೆ ಗೊತ್ತಿಲ್ವಾ?"

ಗೊರಕೆಯವರ ನಂಬರು ಹಾಕಿದಳು. ಗೊರಕೆಯವರ ಮಿಷನ್ ಬಂತು. ಆಮೇಲೆ ಯಾರೂ ಆ ಗೆರೆಗಳನ್ನು ತೆಗೆದು ನೋಡಲಿಲ್ಲ. ತೆರೆದೇ ಇದ್ದ ಗಂಟಲಿಗೆ ಅದು ಗಾಳಿ ತಳ್ಳುತ್ತಲೇ ಇತ್ತು. "ಕಮ್ಮಾರನ ಮುಖಕ್ಕೇ ಒಂದು ತಿದಿ," ಎನ್ನುತ್ತಾ, ಮಗಳು ತಂದದ್ದೆಂದು ಅಪ್ಪ ಮಧ್ಯಾಹ್ನದ ತೂಕಡಿಕೆಗೂ ಅದನ್ನು ಕಟ್ಟಿಕೊಳ್ಳುತ್ತಿದ್ದ.

*

ಮಣ್ಣು ಮಾಡಿ ಬಂದ ಮೇಲೆ ಜನ ಹಜಾರದಲ್ಲಿ ಕೂತರು. ಅಮ್ಮ ಮಾತ್ರ ಸ್ಟೂಲು ಬಿಟ್ಟು ಏಳಲಿಲ್ಲ.

"ಒಂದು ಗಳಿಗೆ ಮೈ ಚಾಚು ಅತ್ತಿಗೆ," ಎಂದಳು ಸೋದರತ್ತೆ.

"ಜನ ಹೋಗ್ಲಿ."

"ಜನ ಇದ್ರೆ ನಿನಗೇನು? ನಮ್ಮನೆಗೆ ಎಷ್ಟು ಸಲ ಬಂದೆ, ಒಂದು ರಾತ್ರಿ ತಂಗಿದವಳಲ್ಲ. ನಿನ್ನ ಬಿಂಕ ಇವತ್ತಾದ್ರೂ ಬಿಡು."

ರೆಟ್ಟೆ ಹಿಡಿದು ಒಳಗೆ ಕರೆದೊಯ್ದು ಮಲಗಿಸಿ ಬಂದಳು.

ಹಿರಿಯ ಗುಮಾಸ್ತರು ಮಗಳನ್ನು ಪಕ್ಕಕ್ಕೆ ಕರೆದರು. "ಅಪ್ಪನ ಕೊನೆಯ ಕಾಗದ, ಸಾವಿನದು, ನಾಳೆ ನನ್ನ ಮೇಜಿಗೆ ಬರುತ್ತೆ. ಹಳೇ ನಂಬರೇ ಇರ್ಲಾ? ಅಥವಾ ಆವತ್ತು ಕೇಳದೇ ಇದ್ದ ಪ್ರಶ್ನೆನ ಈಗ ಕಳಿಸ್ಲಾ? ಕಳಿಸಿದ್ರೆ ಗೊರಕೆ ಹೇಗೆ ಬಂತು ಅಂತ ನಿನ್ನನ್ನೂ ನಿಮ್ಮಮ್ಮನನ್ನೂ ಕರೆಸಿ ಕೇಳ್ತಾರೆ. ಆದ್ರೆ ಸರಿಯಾದದ್ದು ಬರೆದ ಹಾಗಾಗುತ್ತೆ."

"ಕಳಿಸಿ ಸರ್," ಎನ್ನಲು ಅವಳು ಬಾಯಿ ತೆರೆದಿದ್ದಳು.

ಒಳಕೋಣೆಯಿಂದ ಗೊರಕೆ ಎದ್ದಿತು. ಮೊದಲು ಮೆಲ್ಲಗೆ, ಆಮೇಲೆ ಗರಗಸ ಎಳೆದಂತೆ. ಅವಳು ಹತ್ತಿ ತುರುಕಿಕೊಂಡ ಕಿವಿಯಲ್ಲಿ ಕೇಳುತ್ತಾ ಬೆಳೆದದ್ದು ಅದೇ. ನಡುವಿನ ಆ ಸೀಟಿಯೂ ಅದೇ.

ಹಜಾರದಲ್ಲಿ ಕೂತಿದ್ದ ಬಡಗಿ ಲೋಟ ಕೆಳಗಿಟ್ಟು, "ಅವನದೇ," ಎಂದ. ನಂತರ ತನ್ನ ಮಾತು ತನಗೇ ಅರ್ಥವಾದವನಂತೆ ಒಳಬಾಗಿಲ ಕಡೆ ನೋಡಿದ. ಸೋದರತ್ತೆ ಬಾಯಿಗೆ ಕೈ ಅಡ್ಡ ಹಿಡಿದಳು. ಅದರ ಹಿಂದೆ ಇದ್ದದ್ದು ಅಳುವಲ್ಲ, ನಗು.

ಮಗಳು ಕೋಣೆಯ ಹೊಸ್ತಿಲಿಗೆ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಹಳೇದೇ ಇರ್ಲಿ ಸರ್," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಗೊರಕೆ ನಮ್ಮಪ್ಪಂದೇ."

ಗುಮಾಸ್ತರು ತಲೆ ತಗ್ಗಿಸಿದರು.

ಅವಳು ಒಳಗೆ ಬಂದು ಕದ ಮುಚ್ಚಿದಳು. ಅಮ್ಮ ಹಾಸಿಗೆಯ ತನ್ನ ಅರ್ಧದಲ್ಲೇ ಬಾಯಿ ತೆರೆದು ಮಲಗಿದ್ದಳು. ಮಗಳು ತಡವರಿಸಿ ಮಿಷನ್ನಿನ ಗುಂಡಿ ಒತ್ತಿದಳು. ಅದು ಬುಸುಗುಟ್ಟತೊಡಗಿತು. ಆ ಸದ್ದಿಗೂ ಗೊರಕೆ ಪೂರ್ತಿ ಮುಚ್ಚಿಹೋಗಲಿಲ್ಲ. ಇನ್ನರ್ಧದಲ್ಲಿ, ಅಪ್ಪನ ತಲೆಯ ತಗ್ಗು ಇನ್ನೂ ತುಂಬದ ದಿಂಬಿನ ಮೇಲೆ, ಮುಖವಾಡ ಹೊದಿಕೆಯ ಬಟ್ಟೆಯನ್ನು ಉಬ್ಬಿಸಿ ಉಬ್ಬಿಸಿ ಗಾಳಿ ಊದುತ್ತಿತ್ತು.