ಸೌಂಡ್ ಅಂದರೆ ಮೈಕ್‌ಸೆಟ್ ಅಲ್ಲ

ಗುರ್ ಎಂದು ಮಿಷನ್ನು ಮತ್ತೆ ಶುರುವಾಯಿತು, ಕಿಟಕಿಯ ಸರಳೂ ಜೊತೆಗೆ ನಡುಗುತ್ತದೆ, ರಾಯದುರ್ಗದ ಈ ಓಣಿಯಲ್ಲಿ ಮನೆಮನೆಗೂ ಜೀನ್ಸ್ ಹೊಲಿಯುವ ಮಿಷನ್ನು, ಒಂದೊಂದರ ದನಿಯೂ ಬೇರೆ, ಗಂಗೋತ್ರಿಗಲ್ಲದೆ ಯಾರಿಗೆ ಗೊತ್ತದು — ಸಂಜೆಯೊಳಗೆ ವಿಭಾಗ ಆರಿಸಿ ಎಂದು ಕಾಲೇಜಿನವರು ಮೊಬೈಲಿಗೆ ಕಳಿಸಿದ್ದಾರೆ, ಗೇಮ್ ತಯಾರಿಸುವ ಡಿಗ್ರಿಯಲ್ಲಿ ಇನ್ನು ಮುಂದೆ ಪ್ರೋಗ್ರಾಮಿಂಗೋ, ಚಿತ್ರವೋ, ಸೌಂಡೋ, ಒಂದನ್ನು ಒತ್ತಿದರೆ ಮುಗಿಯಿತು, ಬದಲಾಯಿಸುವ ಹಾಗಿಲ್ಲ — ಒತ್ತಲು ಬೆರಳಿಗೇನು ಧಾಡಿ! ಸೌಂಡ್ ಎಂದು ಬಾಯಿ ಬಿಟ್ಟದ್ದೇ ತಪ್ಪಾಯಿತು, ಜಂಬಯ್ಯ ಮಾವ ಸೀದಾ ಓಬಣ್ಣನ ಶಾಮಿಯಾನದ ಅಂಗಡಿಗೆ ಕರೆದೊಯ್ದು, ಆಳೆತ್ತರದ ಸ್ಪೀಕರ್ ತಟ್ಟಿ, ನೋಡವ್ವ, ಸೌಂಡಂದ್ರ ಇದು, ಇದಕ್ಕ ಡಿಗ್ರಿ ಯಾಕ ಬೇಕು, ಓಬಣ್ಣ ಎಷ್ಟ್ ಓದ್ಯಾನ ಕೇಳು — ಓಬಣ್ಣನೋ ಹಲ್ಲು ಕಿರಿದು, ಮದಿವಿ ಸೀಸನ್ನಿಗೆ ಬರ್ರಿ ಮೇಡಮ್ಮಾರೆ, ಕೆಲಸ ಐತಿ — ಅಯ್ಯೋ ದೇವರೇ, ಆಟದೊಳಗೆ ಬಾಗಿಲು ತೆರೆದರೆ ಕಿರ್ ಅನ್ನಬೇಡವೇ, ಮಳೆ ಬಂದರೆ ತಗಡು ಸದ್ದು ಮಾಡಬೇಡವೇ, ಅದನ್ನೂ ಯಾರಾದರೂ ಮಾಡಬೇಕಲ್ಲ ಮಾವಾ! ಕೋಣನ ಮುಂದೆ ಕಿನ್ನರಿ. ಅವ್ವಾ, ಎಂದಳು. ಅವ್ವ ಪೆಡಲಿನಿಂದ ಕಾಲೆತ್ತಿದಳು, ಮಿಷನ್ನು ನಿಂತಿತು, ಸೂಜಿ ನೀಲಿ ಬಟ್ಟೆಯಲ್ಲಿ ಅರ್ಧ ಇಳಿದು ನಿಂತಿತು, ಏನಂದಿ? ಏನಿಲ್ಲವ್ವ. ಮಿಷನ್ನು ಮತ್ತೆ ಗುರ್ ಎಂದಿತು.

ಇನ್ನೇನು ಅಂದಾಳು, ನಿನ್ನೆ ಅವ್ವ ಹೇಳಿದ್ದಕ್ಕೇ ಸಾಕಾಗಿದೆ — ಸೌಂಡ್ ಬ್ಯಾಡ ಗಂಗಿ, ಹಗಲೆಲ್ಲ ಇದರ ಸೌಂಡ್ ಕೇಳಿ ಕೇಳಿ ಮಲಗಿದ್ರೂ ಕಿವ್ಯಾಗ ಗುಂಯ್ ಅಂತೈತಿ, ಮಂದಿ ಮಾತ್ ಕೇಳಂಗಿಲ್ಲ, ನೀನರ ಸದ್ದಿಲ್ಲದ ಕೆಲಸ ಹಿಡಿ — ಮಾವನ ಮೇಲಾದರೆ ರೇಗಬಹುದು, ಇವಳ ಮೇಲೆ ಹೇಗೆ ರೇಗುವುದು, ಥೂ, ಅವ್ವ ಒಂಚೂರು ಕೆಟ್ಟವಳಾದರೂ ಆಗಿರಬಾರದಿತ್ತೇ! ಮೊದಲ ವರ್ಷ ತಾನು ಮಾಡಿದ ಆಟದಲ್ಲಿ ಬೆನ್ನಟ್ಟಿ ಬರುವ ರಾಕ್ಷಸನ ಉಸಿರು ಕೇಳಿ ಮೇಷ್ಟ್ರು ಭೇಷ್ ಅಂದಿದ್ದರು, ಎಲ್ಲಿ ಸಿಕ್ಕಿತಮ್ಮಾ ಇದು ಅಂದಿದ್ದರು, ಎಲ್ಲಿ ಅಂದರೆ, ಈ ಮಿಷನ್ನಿನ ಸದ್ದೇ, ಮೊಬೈಲಿನಲ್ಲಿ ಹಿಡಿದು ನಿಧಾನ ಮಾಡಿದ್ದು ಅಷ್ಟೇ, ಓಡಿಬಂದು ಅವ್ವನ ಕಿವಿಗೆ ಇಯರ್‌ಫೋನ್ ಇಟ್ಟರೆ, ಅವ್ವ ಮಿಷನ್ನು ನಿಲ್ಲಿಸಿ, ಸೂಜಿ ಹಾಗೇ ನೀಲಿಯೊಳಗಿರುವಾಗ, ಕಣ್ಣು ಮುಚ್ಚಿ ಕೇಳಿದಳು, ಕೇಳಿದಳು, ಏನೂ ಕೇಳವಲ್ದವ್ವ ಅಂದಳು — ಅವಳು ಹೊಲಿದದ್ದು ಅವಳಿಗೇ ಕೇಳಿಸಲಿಲ್ಲ. ಪ್ರೋಗ್ರಾಮಿಂಗ್ ಒತ್ತಿದರೆ ಮನೆಯವರೆಲ್ಲ ಸುಮ್ಮನಾಗುತ್ತಾರೆ, ಸುಮ್ಮನಿರುವುದೇ ಎಲ್ಲರಿಗೂ ಬೇಕು, ಬೇಡ, ಬೇಡವೇ ಬೇಡ, ಒತ್ತಿದಳು, ಸೌಂಡ್, ಒತ್ತಿಯೇ ಬಿಟ್ಟಳು, ಅವ್ವಾ, ನಾ ಸೌಂಡೇ ತಗೊಂಡೆ, ಎಂದು ಮಿಷನ್ನಿನ ಸದ್ದಿನೊಳಗೇ ಕೂಗಿದಳು, ಕೇಳಿಸದಿರಲಿ ಎಂದೇ ಕೂಗಿದಳೋ ಏನೋ — ಅವ್ವ ಕಾಲೆತ್ತಿದಳು, ಓಣಿಯಲ್ಲೂ ಕರೆಂಟು ಹೋದ ಹಾಗೆ ಮೌನ, ಏನಂದಿ ಗಂಗಿ, ಇನ್ನೊಮ್ಮೆ ಹೇಳು, ಅವ್ವನ ಕಣ್ಣು ಅವಳ ತುಟಿಯ ಮೇಲೆ, ಸೂಜಿ, ನೀಲಿ ಬಟ್ಟೆಯಲ್ಲಿ ಅರ್ಧ ಇಳಿದ ಸೂಜಿ