ಹೊರಗಿನ ಚಿಲಕ

ಅಂಗಿಯ ಮೇಲಿನ ಗುಂಡಿ ಹಾಕಲು ಮಗಳು ಹೆಣಗುತ್ತಿದ್ದಳು. ಹಾಕಿದರೂ ಅಪ್ಪನ ಗಂಟಲಿನ ತೂತು ಕಾಲರಿನ ಸಂದಿಯಿಂದ ಇಣುಕುತ್ತಿತ್ತು. ಧ್ವನಿಪೆಟ್ಟಿಗೆ ತೆಗೆದ ಮೇಲೆ ಅಪ್ಪ ಉಸಿರಾಡಿದ್ದೆಲ್ಲ ಅದರಿಂದಲೇ. ಈಗ ಅದಕ್ಕೂ ಕೆಲಸವಿರಲಿಲ್ಲ.

“ಮಫ್ಲರ್ ಸುತ್ತಿಬಿಡಮ್ಮ. ನೋಡೋಕೆ ಬಂದೋರು ಹೆದರ್ಕೋತಾರೆ,” ಎಂದರು ಬಾಗಿಲಲ್ಲಿ ನಿಂತಿದ್ದ ಚಿಕ್ಕಪ್ಪ. ತಮ್ಮ ಮಾತು ತಮಗೇ ಕೇಳಿಸಿದಂತಾಗಿ, “ಹೆದರಿಸೋದೇ ಅಲ್ವೇ ಅಣ್ಣನ ಕಸುಬು,” ಎಂದು ಮೂಗು ಒರೆಸಿಕೊಂಡರು.

ಹೊರಗೆ ಅಪ್ಪನ ಹಳೆಯ ವಿದ್ಯಾರ್ಥಿಗಳು ಸೇರಿದ್ದರು. ಶಾಲೆಯಲ್ಲಿ ಭಾಷೆ ಕಲಿಸುತ್ತಿದ್ದ ಅಪ್ಪ ಊರಿಗೆಲ್ಲ ‘ದೆವ್ವದ ಮೇಷ್ಟ್ರು’. ಈಗ ಹೊಟ್ಟೆ ಬಂದು ತಲೆ ಬೋಳಾದ ಗ್ಯಾರೇಜ್ ಮಾಲೀಕನೊಬ್ಬ ಪಕ್ಕದವನಿಗೆ ಹೇಳುತ್ತಿದ್ದ: “ಆ ಪಾಳುಬಂಗಲೆ ಕತೆ ಓದಿದ ದಿನ ಬಚ್ಚಲಿಗೆ ಹೋಗೋಕೂ ನಮ್ಮಜ್ಜೀನ ಜೊತೆಗೆ ಕರ್ಕೊಂಡು ಹೋಗಿದ್ದೆ ಕಣೋ.” ಪಕ್ಕದವನು ನಗಲು ಹೋಗಿ, ನಿಂತ ಜಾಗ ನೆನಪಾಗಿ, ಕೆಮ್ಮಿದ.

ಮಗಳಿಗೆ ನಗು ಬರಲಿಲ್ಲ. ಆ ಕತೆಗಳು ಅಪ್ಪನಿಂದ ಏನನ್ನು ಕಿತ್ತುಕೊಂಡವು ಅಂತ ಇವರಿಗೇನು ಗೊತ್ತು?

*

ಒಂಬತ್ತನೇ ತರಗತಿಗೆ ಭಯದ ಕತೆಗಳ ಪಾಠವಿದ್ದದ್ದು ಶುಕ್ರವಾರ, ಕೊನೇ ಪೀರಿಯಡ್ಡಿನಲ್ಲಿ. ಮಗಳು ಆಗ ಪಕ್ಕದ ಕೋಣೆಯಲ್ಲಿ ಐದನೇ ತರಗತಿ. ಗೋಡೆಯಾಚೆ ಕಿಟಕಿಗಳನ್ನು ಒಂದೊಂದಾಗಿ ಮುಚ್ಚುವ ಸದ್ದು, ಆಮೇಲೆ ಅಪ್ಪನ ದನಿ. ಮನೆಯಲ್ಲಿ ಉಪ್ಪು ಬೇಕೆಂದು ಕೇಳಲೂ ಬಾಯಿ ಬಿಡದ ಮನುಷ್ಯ ಅಲ್ಲಿ ದನಿಯಲ್ಲೇ ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಿದ್ದರು, ಗಾಳಿ ಬೀಸಿಸಿ ದೀಪ ಆರಿಸುತ್ತಿದ್ದರು. ಓದು ಮುಗಿದ ಮೇಲೆ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಯಾವ ಸಾಲಲ್ಲಿ ಹೆದರಿಕೆ ಆಯ್ತು?” ದೆವ್ವ ಬಂದಾಗ ಎಂದವರಿಗೆ, “ಇನ್ನೂ ಹಿಂದಕ್ಕೆ ಹೋಗು. ಅದು ಬರೋಕೆ ಮುಂಚೇನೇ ಹೆದರಿದ್ದೆ ನೀನು. ಎಲ್ಲಿ, ಹುಡುಕು,” ಎನ್ನುತ್ತಿದ್ದರು.

ಒಂದು ಶುಕ್ರವಾರ ಓದಿನ ನಡುವೆ ಹುಡುಗಿಯೊಬ್ಬಳು ಚೀರಿದಳು. ಚೀರಾಟ ನಿಲ್ಲಲೇ ಇಲ್ಲ. ಸೋಮವಾರ ಅವಳ ತಂದೆ ಶಾಲೆಗೆ ಬಂದು, ಈ ಮನುಷ್ಯ ಮಕ್ಕಳ ತಲೆ ಕೆಡಿಸುತ್ತಿದ್ದಾನೆ ಎಂದು ಕೂಗಾಡಿದ. ಅಪ್ಪ ಎದುರಾಡಲಿಲ್ಲ. ಕತೆಗಳು ನಿಂತವು. ಅಪ್ಪನನ್ನು ಚಿಕ್ಕ ತರಗತಿಗಳಿಗೆ ವ್ಯಾಕರಣ ಹೇಳಲು ಹಾಕಿದರು, ನಿವೃತ್ತಿಯವರೆಗೂ ಅದೇ. ಆ ಹುಡುಗಿ ಊರು ಬಿಟ್ಟು ಹೋದಳಂತೆ. ಶಾಲೆಯಲ್ಲಿ ಮಗಳನ್ನು ‘ದೆವ್ವದ ಮರಿ’ ಎಂದು ಕರೆಯುವುದು ಮಾತ್ರ ನಿಲ್ಲಲಿಲ್ಲ. “ಅವತ್ತು ಒಂದು ಮಾತಾಡೋಕೆ ಏನಾಗಿತ್ತು ನಿಮಗೆ?” ಎಂದು ಅಮ್ಮ ಸಾಯುವವರೆಗೂ ಕೇಳಿದರು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದರು.

ಗಂಟಲಿನ ಆಪರೇಷನ್ ಆದ ಮೇಲೆ ಆ ಕತೆಗಳನ್ನು ಮಗಳಿಂದ ಓದಿಸತೊಡಗಿದರು. ರೈಲು ನಿಲ್ದಾಣದಲ್ಲಿ ಗಾಡಿಗಳ ವೇಳೆ ಹೇಳುವುದು ಅವಳ ಕೆಲಸ. ಭೂತವನ್ನೂ ಅದೇ ರಾಗದಲ್ಲಿ ಓದಿದಳು. ಅಪ್ಪ ಸ್ಲೇಟಿನ ಮೇಲೆ ಬರೆದು ತೋರಿಸಿದರು: ‘ನಿನ್ನ ದೆವ್ವ ಎರಡನೇ ಪ್ಲಾಟ್‌ಫಾರಮ್ಮಿಗೆ ಬರ್ತಾ ಇದೆ.’ ಭುಜ ಕುಣಿಸಿ ಸದ್ದಿಲ್ಲದೆ ನಕ್ಕರು. ಅವಳೂ ನಕ್ಕಳು. ಮುಚ್ಚಿದ ಕೋಣೆಯ ಕತೆಯನ್ನು ಮಾತ್ರ ಗೋಡೆಯ ಕಡೆ ಮುಖ ತಿರುಗಿಸಿಕೊಂಡೇ ಕೇಳಿದರು. “ಏನಪ್ಪಾ?” ಎಂದರೆ ಸ್ಲೇಟು ಮುಟ್ಟಲಿಲ್ಲ.

*

ವಿದ್ಯುತ್ ಚಿತಾಗಾರದ ಕಬ್ಬಿಣದ ಬಾಗಿಲು ಅಪ್ಪನನ್ನು ಒಳಗೆಳೆದುಕೊಂಡು ಮುಚ್ಚಿತು. “ಬೂದಿ ಕೊಡೋದು ತಡ ಆಗುತ್ತೆ, ಕೂತಿರಿ,” ಎಂದು ಅಲ್ಲಿಯ ಕೆಲಸಗಾರ ಫಿನಾಯಿಲ್ ವಾಸನೆಯ ಕೋಣೆಯೊಂದನ್ನು ತೋರಿಸಿದ. ಬಂದವರು ಒಬ್ಬೊಬ್ಬರಾಗಿ ಜಾರಿಕೊಂಡರು. ಉಳಿದದ್ದು ಚಿಕ್ಕಪ್ಪ, ಗ್ಯಾರೇಜಿನವನು, ಮೂಲೆಯಲ್ಲಿ ಕೈಚೀಲ ತಬ್ಬಿ ಕೂತಿದ್ದ ಹೆಂಗಸೊಬ್ಬಳು. ಅವಳು ಎದ್ದು ಬಂದು ಮಗಳ ಪಕ್ಕ ಕೂತಳು.

“ಅವತ್ತು ಕ್ಲಾಸಲ್ಲಿ ಚೀರಿದ್ದು ನಾನೇ.”

ಮಗಳ ಮೈ ಉರಿಯಿತು. ಮುಖ ಕಾಣದ ಆ ಹುಡುಗಿಗೆ ಅವಳು ಬಾಲ್ಯವಿಡೀ ಶಾಪ ಹಾಕಿದ್ದಳು. “ಈಗೇನು ನೋಡೋಕೆ ಬಂದ್ರಿ? ಅವರು ಸತ್ತಿದ್ದು ಅವತ್ತೇ. ಇವತ್ತು ಸುಡ್ತಿರೋದಷ್ಟೇ.”

ಹೆಂಗಸು ಅದನ್ನು ನುಂಗಿಕೊಂಡಳು. “ಎಲ್ಲರೂ ಮನೆಗೆ ಹೋದ್ಮೇಲೆ ಮೇಷ್ಟ್ರು ನೀರು ಕೊಟ್ಟು ಕೂರಿಸಿದ್ರು. ಯಾವ ಸಾಲಲ್ಲಿ ಹೆದರಿಕೆ ಆಯ್ತಮ್ಮ ಅಂದ್ರು. ಕೋಣೆಯ ಚಿಲಕ ಹೊರಗಡೆಗಿತ್ತು ಅನ್ನೋ ಸಾಲಲ್ಲಿ ಅಂದೆ. ನಮ್ಮನೇಲೂ ಹಾಗೇ ಇದೆ ಅಂದೆ. ಒಳಗೆ ಯಾರಮ್ಮ ಇರೋದು ಅಂತ ಕೇಳಿದ್ರು.”

ಕೈಚೀಲದ ಜಿಪ್ಪನ್ನು ಎಳೆದು, ಮುಚ್ಚಿ, ಮತ್ತೆ ಎಳೆದಳು.

“ನಮ್ಮಮ್ಮ ಇದ್ಲು. ಬುದ್ಧಿ ಸರಿ ಇರಲಿಲ್ಲ. ತವರಿಗೆ ಹೋಗಿದಾಳೆ ಅಂತ ನಮ್ಮಪ್ಪ ಎಲ್ಲರಿಗೂ ಹೇಳಿದ್ದ. ತಟ್ಟೇನ ಬಾಗಿಲ ಕೆಳಗಿಂದ ನಾನೇ ತಳ್ತಿದ್ದೆ. ಆ ಸಂಜೆ ಮೇಷ್ಟ್ರು ಮನೆಗೆ ಬಂದು, ಆ ಬಾಗಿಲು ತೆಗೀರಿ ಅಂದ್ರು. ಅಪ್ಪ ಕತ್ತಿನ ಪಟ್ಟಿ ಹಿಡಿದು ಬೀದಿಗೆ ದಬ್ಬಿದ. ಮಾರನೇ ದಿನ ಮೇಷ್ಟ್ರೇ ಬಸ್ಸು ಹತ್ತಿ ಹೋಗಿ, ಹುಡುಕಿ, ನಮ್ಮ ಸೋದರಮಾವನ್ನ ಕರ್ಕೊಂಡು ಬಂದ್ರು. ಮಾವನ ಮುಂದೆ ಅಪ್ಪನ ಆಟ ನಡೀಲಿಲ್ಲ. ಅಮ್ಮನ್ನೂ ನನ್ನನ್ನೂ ಮಾವ ಕರ್ಕೊಂಡು ಹೋದ್ರು. ಆ ಸಿಟ್ಟಿಗೇ ಅಪ್ಪ ಶಾಲೆಗೆ ಬಂದಿದ್ದು.”

“ಇದನ್ನ ನಮ್ಮಣ್ಣ ಶಾಲೇಲಿ ಯಾಕೆ ಹೇಳಲಿಲ್ಲ?” ಯಾವಾಗ ಹತ್ತಿರ ಬಂದಿದ್ದರೋ, ಕೇಳಿದವರು ಚಿಕ್ಕಪ್ಪ.

“ಮಾವ ಕೈಮುಗಿದಿದ್ರು. ಊರಿಗೆ ಗೊತ್ತಾದ್ರೆ ಈ ಹುಡುಗಿ ತಲೆಯೆತ್ತಿ ಓಡಾಡೋ ಹಾಗಿಲ್ಲ ಅಂತ. ಯಾರಿಗೂ ಹೇಳಲ್ಲ ಅಂದ್ರು ಮೇಷ್ಟ್ರು.” ಹೆಂಗಸು ಇಬ್ಬರ ಮುಖವನ್ನೂ ನೋಡಿದಳು. “ಮನೆಯೋರಿಗಾದ್ರೂ ಹೇಳಿರ್ತಾರೆ ಅಂದ್ಕೊಂಡಿದ್ದೆ.”

ಮಗಳಿಗೆ ಅಮ್ಮನ ಪ್ರಶ್ನೆ ನೆನಪಾಯಿತು. ಅಷ್ಟು ವರ್ಷದ ಸಿಟ್ಟಿಗೆ ಈಗ ಹೋಗಲು ಜಾಗವಿಲ್ಲದೆ, ಅದರಲ್ಲೊಂದಿಷ್ಟು ಗೋಡೆಯಾಚೆ ಉರಿಯುತ್ತಿದ್ದ ಅಪ್ಪನ ಮೇಲೆಯೇ ತಿರುಗಿತು. “ನಿಮ್ಮಮ್ಮ?” ಎಂದಳು ಕೊನೆಗೆ.

“ಹೊರಗೆ ಬಂದವಳು ಬೆಳಕಿಗೆ ಕಣ್ಣು ಮುಚ್ಕೊಂಡ್ಲು. ನನ್ನ ಗುರುತು ಹಿಡೀಲಿಲ್ಲ. ಆ ಚಳಿಗಾಲ ಆಸ್ಪತ್ರೇಲೇ ಹೋದ್ಲು.”

ಕುಲುಮೆಯ ಗುಂಯ್‌ಗುಡುವ ಸದ್ದು ನೆಲದಿಂದ ಪಾದಕ್ಕೆ ಹತ್ತುತ್ತಿತ್ತು.

“ಒಂದು ಕೇಳ್ಲಾ?” ಎಂದಳು ಹೆಂಗಸು. “ನಾನು ಚೀರಿದಾಗ ಓದು ಅಲ್ಲಿಗೇ ನಿಂತುಹೋಯ್ತು. ಆ ಕೋಣೇಲಿ ಏನಿತ್ತು ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ.”

“ನಮಗೂ ಗೊತ್ತಿಲ್ಲ,” ಎಂದ ಅದೇ ತರಗತಿಯಲ್ಲಿದ್ದ ಗ್ಯಾರೇಜಿನವನು, ಮೆಲ್ಲಗೆ. “ಆಮೇಲೆ ಅವರು ಓದಲೇ ಇಲ್ವಲ್ಲ.”

“ಇಂಥಾ ಕಡೆ ಅದೆಲ್ಲ ಯಾಕಮ್ಮಾ,” ಎಂದು ಚಿಕ್ಕಪ್ಪ ಬಾಯಿ ತೆರೆಯುವಷ್ಟರಲ್ಲಿ ಮಗಳು ಆ ಕತೆ ಶುರು ಮಾಡಿಬಿಟ್ಟಿದ್ದಳು. ರೈಲಿನ ರಾಗ ಬರಲಿಲ್ಲ. ಮಾತು ತಡೆತಡೆದು, ಪಿಸುದನಿಯಲ್ಲಿ ಹೊರಬಿತ್ತು. ದೀಪ ಹಿಡಿದವನು ಮೆಟ್ಟಿಲು ಹತ್ತಿದ. ಒಳಗಿನಿಂದ ಉಗುರಿನಲ್ಲಿ ಗೀಚುವ ಸದ್ದು. ಚಿಕ್ಕಪ್ಪ ಕುರ್ಚಿಯನ್ನು ಸದ್ದಾಗದಂತೆ ಮುಂದಕ್ಕೆಳೆದುಕೊಂಡರು. ದೀಪದವನು ಚಿಲಕಕ್ಕೆ ಕೈ ಇಟ್ಟ. ತಣ್ಣಗಿತ್ತು. ಮೆಲ್ಲಗೆ ಸರಿಸಿದ...

ಹಿಂದೆ ಬಾಗಿಲು ಕಿರ್ರೆಂದಿತು.

“ಅಯ್ಯೋ!” ಎಂದು ಕಿರುಚಿದ ಚಿಕ್ಕಪ್ಪ ಗ್ಯಾರೇಜಿನವನ ತೋಳು ಹಿಡಿದುಕೊಂಡರು; ಅವನು ಆಗಲೇ ಎದ್ದು ನಿಂತಿದ್ದ. ಹೆಂಗಸು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅವಳ ಭುಜ ಕುಲುಕುತ್ತಿತ್ತು.

ಬಾಗಿಲಲ್ಲಿ ಕೆಲಸಗಾರ ನಿಂತಿದ್ದ. ಇನ್ನೂ ಬಿಸಿಯಾಗಿದ್ದ ಮಡಕೆಯನ್ನು ಬಟ್ಟೆ ಸುತ್ತಿ ಎದೆಗವುಚಿಕೊಂಡು, ತನ್ನಿಂದ ಏನು ತಪ್ಪಾಯಿತೆಂದು ತಿಳಿಯದೆ, ಒಳಗೆ ಬರಲೋ ಬೇಡವೋ ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದ.