ಬರೇ ನುಚ್ಚು

ಜೋಳ ಬೀಸುಕಲ್ಲಿಗೆ ಸಿಕ್ಕು, ಹಿಟ್ಟೂ ಆಗದೆ ಕಾಳಾಗಿಯೂ ಉಳಿಯದೆ ಒಡೆದು ಬಿದ್ದದ್ದು ನುಚ್ಚು. ಅದನ್ನು ಕುದಿಸಿ ಮಜ್ಜಿಗೆ ಸುರಿದುಕೊಂಡು ಉಂಡರೆ ಅದೂ ನುಚ್ಚೇ. ಹಿರೇಬೆಂಡಿಗೇರಿಯಲ್ಲಿ ಆ ಮಾತಿಗೆ ಇಷ್ಟೇ ಅರ್ಥವಿತ್ತು. ಯುದ್ಧದ ಕಾಲಕ್ಕೆ ಸರಕಾರ ಮನೆಮನೆಯ ಜೋಳವನ್ನು ಲೆವಿಗೆ ಎಳೆಯತೊಡಗಿದ ಮೇಲೆ ಗುತ್ತೆವ್ವನ ಮನೆಯಲ್ಲಿ ಅದು ಬಾಗಿಲಿಗೆ ಹಾಕುವ ಅಗಳಿಯಾಯಿತು.

"ಯಾರ ಏನ ಕೇಳಲಿ, ಮನ್ಯಾಗ ಬರೇ ನುಚ್ಚ ಐತ್ರಿ ಅನ್ನು," ಎಂದು ಗಂಡ ಭರಮಪ್ಪ ಕಲಿಸಿದ್ದ. ಕೊಟ್ಟಿಗೆಯ ನೆಲದಡಿ ಕಾಳು ಹೂತಿಡಲು ತೋಡಿದ ಹಗೇವಿನ ತುಂಬ ಬಿಳಿಜೋಳವಿತ್ತು. ಸಿಕ್ಕರೆ ಜೋಳವೂ ಹೋಗುತ್ತಿತ್ತು, ಭರಮಪ್ಪನೂ ಜೇಲಿಗೆ ಹೋಗುತ್ತಿದ್ದ. ಗುತ್ತೆವ್ವ ಲೆವಿ ವಸೂಲಿಗೆ ಬಂದ ತಲಾಟಿಯ ಮುಂದೆ ಅಂದಳು, ಬಾವಿಕಟ್ಟೆಯಲ್ಲಿ ಅಂದಳು, ಯಾರೂ ಕೇಳದಿದ್ದಾಗಲೂ ಅಂದಳು.

"ನಿಮ್ಮ ಎತ್ತೂ ನುಚ್ಚ ಉಂಡ ಇಷ್ಟ ಮೈ ಬಿಟ್ಟಾವನಬೇ?" ಎಂದು ಪಕ್ಕದ ಮನೆಯ ಹಾಜರಾಬಿ ಚ್ಯಾಷ್ಟಿ ಮಾಡುತ್ತಿದ್ದಳು.

ಲೆವಿಯವರು ನಾಳೆ ಹಾರೆ ಹಿಡಿದು ಕೊಟ್ಟಿಗೆಗಳನ್ನು ಅಗೆದು ನೋಡಲು ಬರುತ್ತಾರೆಂಬ ಸುದ್ದಿ ಬಂತು. ಊರು ಹೊಲಕ್ಕೆ ಹೋದ ಹೊತ್ತು ನೋಡಿ, ಜೋಳ ಬೇರೆಡೆ ಸಾಗಿಸಲೆಂದು ಭರಮಪ್ಪ ಬಾಗಿಲಿಕ್ಕಿಕೊಂಡು ಹಗೇವಿನ ಕಲ್ಲು ಸರಿಸಿದ. ಹುಳಿ ನಾತ ಎದ್ದಿತು. ಹಗೇವು ತೆಗೆದವರು ಒಳಗಿನ ಉಸಿರುಗಟ್ಟಿಸುವ ಗಾಳಿ ಹೋಗಲೆಂದು ಒಂದಿಡೀ ದಿನ ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಉರಿದರೆ ಮಾತ್ರ ಇಳಿಯುವುದು ವಾಡಿಕೆ. ಗುತ್ತೆವ್ವ ಹಗ್ಗಕ್ಕೆ ದೀಪ ಕಟ್ಟಿ ಬಿಟ್ಟಳು. ಹಗೇವಿನ ಕುತ್ತಿಗೆ ದಾಟುವುದರೊಳಗೆ ಅದು ಆರಿತು.

"ದೀಪ ಆರಿತು. ಇಳೀಬ್ಯಾಡ್ರಿ."

"ಎಣ್ಣಿ ತೀರಿರಬೇಕು."

"ಈಗರ ಹಾಕೇನಿ."

"ಹಂಗಾರ ನಾಳಿ ತನಕ ಬಾಯಿ ತಗದಿಟ್ಟು, ಬಂದವರಿಗೆ ಆರತಿ ಬೆಳಗತೀ ಏನು?" ಎಂದು ನಕ್ಕ. ಹಗ್ಗವನ್ನು ನಡುವಿಗೆ ಕಟ್ಟಿಕೊಳ್ಳಲಿಲ್ಲ. ಕೈಯಲ್ಲಷ್ಟೇ ಹಿಡಿದು ಇಳಿದ.

ಜೋಳ ಸರಿದ ಸಪ್ಪಳ. ಒಂದು ಕೆಮ್ಮು. ಹಗ್ಗ ಸಡಿಲಾಯಿತು.

ಅವಳು ಕರೆದಳು, ದನಿ ತಗ್ಗಿಸಿ. ಮತ್ತೆ ಕರೆದಳು. ಕೂಗಿದರೆ ಓಣಿಯಲ್ಲಿ ಉಳಿದವರೆಲ್ಲ ಬರುತ್ತಾರೆ, ಹಗೇವು ಕಾಣುತ್ತದೆ. ಕೂಗದಿದ್ದರೆ ಅವನು ಅಲ್ಲೇ ಉಳಿಯುತ್ತಾನೆ. ಅವಳು ಅಗಳಿ ತೆಗೆದು ಓಡಿದಳು.

ಹಾಜರಾಬಿ ಅಂಗಳದಲ್ಲಿ ನುಚ್ಚು ಕೇರುತ್ತ ಕುಳಿತಿದ್ದಳು. "ಯಾಕಬೇ, ಮಾರಿ ಹಿಂಗ್ಯಾಕ ಆಗೇತಿ? ಮನ್ಯಾಗ ಏನಾತು?"

ಗುತ್ತೆವ್ವ ಬಾಯಿ ತೆರೆದಳು. "ಮನ್ಯಾಗ ಬರೇ ನುಚ್ಚ ಐತ್ರಿ."

ಹಾಜರಾಬಿಗೆ ನಗು ಬಂತು. ಆಮೇಲೆ ಗುತ್ತೆವ್ವನ ಸೀರೆಯಿಂದ ಹಗೇವಿನ ನಾತ ಬಂತು. ಅವಳು ಮೊರ ಕೆಳಗಿಟ್ಟಳು.

"ಅದಿರಲಿ. ಭರಮಪ್ಪ ಎಲ್ಲಿ ಅದಾನ?"

ತಲಾಟಿಯ ಮುಂದೆ ನಿಲ್ಲುವ ಹಾಗೆ ಸೆರಗು ಹೊದ್ದು ನಿಂತಿದ್ದ ಗುತ್ತೆವ್ವ ಮೊರದೊಳಗಿನ ಒಡಕು ಕಾಳನ್ನೇ ನೋಡುತ್ತಿದ್ದಳು.

"ಬರೇ ನುಚ್ಚ ಐತ್ರಿ," ಎಂದಳು.